ಕಾಡಿಗೂ ಒಂದು ಮೇಂಟೆನೆನ್ಸ್ ವಿಂಡೋ ಇದೆ

ವೀಕೆಂಡ್ ಸಂಜೆ ಮನೆಯಲ್ಲಿ ಆರಾಮಾಗಿ ಕೂರೋದು ಬಿಟ್ಟು ಹಿಂಜವಡಿ ಟ್ರಾಫಿಕ್ ದಾಟಿ ಇಲ್ಲಿಗೆ ಬಂದಿದ್ದೀರಿ. ಹೈದರಾಬಾದ್, ಚೆನ್ನೈ, ಮುಂಬೈಯಿಂದ ಆನ್‌ಲೈನ್‌ನಲ್ಲೂ ಸುಮಾರು ಜನ ಸೇರಿಕೊಂಡಿದ್ದೀರಿ. ಎಲ್ಲರಿಗೂ ಥ್ಯಾಂಕ್ಸ್.

ಮೊದಲೇ ಹೇಳಿಬಿಡ್ತೀನಿ, ನಾನು ಅರಣ್ಯಾಧಿಕಾರಿ ಅಲ್ಲ, ಪರಿಸರ ವಿಜ್ಞಾನಿಯೂ ಅಲ್ಲ. ನಿಮ್ಮ ಹಾಗೇ ಸಾಫ್ಟ್‌ವೇರ್ ಕೆಲಸದವನು. ಎಂಟೆಕ್‌ನಲ್ಲಿ ಓದಿದ್ದು ರಿಮೋಟ್ ಸೆನ್ಸಿಂಗ್. ಹುಟ್ಟಿ ಬೆಳೆದದ್ದು ಚಾಮರಾಜನಗರ ಜಿಲ್ಲೆಯ ಯಳಂದೂರಿನ ಕಡೆ. ನಮ್ಮ ಮನೆ ಮಾಳಿಗೆ ಹತ್ತಿದ್ರೆ ಬಿಳಿಗಿರಿರಂಗನ ಬೆಟ್ಟ ಕಾಣುತ್ತೆ. ಆ ಬೆಟ್ಟದ ಕಾಡನ್ನ ಕಣ್ಣಲ್ಲಿ ನೋಡ್ತಾ ಬೆಳೆದು, ಆಮೇಲೆ ಉಪಗ್ರಹ ಚಿತ್ರದಲ್ಲೂ ನೋಡಿದವನು ನಾನು. ಈ ಎರಡು ನೋಟ ಸೇರಿಸಿ ಒಂದು ವಿಷಯ ಹೇಳೋಣ ಅಂತ ಬಂದಿದ್ದೀನಿ.

ಹವಾಮಾನ ಬದಲಾವಣೆ ಅಂದ ಕೂಡಲೇ ನಮಗೆ ನೆನಪಾಗೋದು ಹಿಮಕರಡಿ, ಕರಗೋ ಹಿಮ, ಏರೋ ಸಮುದ್ರ. ನಾನು ಇವತ್ತು ಮಾತಾಡೋದು ಮಚ್ಚು, ಬೆಂಕಿಪೊಟ್ಟಣ, ಬೆಳಗಿನ ಇಬ್ಬನಿ ಮತ್ತು ದಿನಗೂಲಿಯ ಬಗ್ಗೆ. ಕಾಡು ಕಾಯೋ ಕೆಲಸ ನಡೆಯೋದು ಇವುಗಳ ಮೇಲೆ. ಹವಾಮಾನ ಬದಲಾದಾಗ ಮೊದಲು ಪೆಟ್ಟು ಬೀಳೋದೂ ಇಲ್ಲೇ.

ಬೆಂಕಿ ರೇಖೆ ಅಂದ್ರೇನು?

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ತಪ್ಪಲು, ಇವೆಲ್ಲ ಬಹುಪಾಲು ಎಲೆ ಉದುರಿಸುವ ಕಾಡುಗಳು. ಮಳೆಗಾಲದಲ್ಲಿ ಹುಲ್ಲು ಆಳೆತ್ತರ ಬೆಳೆಯುತ್ತೆ. ಡಿಸೆಂಬರ್ ಕಳೆದು ಜನವರಿ ಬಂದ ಹಾಗೆ ಹುಲ್ಲು ಒಣಗುತ್ತೆ, ಎಲೆ ಉದುರುತ್ತೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ನೆಲದ ಮೇಲೆ ಒಣ ತರಗಿನ ಹಾಸಿಗೆ. ಅಶ್ವಿನಿ, ಭರಣಿ ಮಳೆ ಬೀಳೋ ತನಕ ಒಂದು ಕಿಡಿ ಸಾಕು.

ಅದಕ್ಕೇ ಅರಣ್ಯ ಇಲಾಖೆ ಪ್ರತಿ ವರ್ಷ ಬೆಂಕಿ ರೇಖೆ ಮಾಡುತ್ತೆ. ಎಲ್ಲರೂ ಅದನ್ನ ಫೈರ್ ಲೈನ್ ಅಂತಲೇ ಕರೀತಾರೆ. ರಸ್ತೆ ಬದಿ, ಕಾಡಿನ ಅಂಚು, ಬೀಟ್‌ಗಳ ಗಡಿ, ಇಲ್ಲೆಲ್ಲ ಪಟ್ಟೆ ಪಟ್ಟೆಯಾಗಿ ಹುಲ್ಲು, ಪೊದೆ ಸವರಿ, ಒಣಗೋಕೆ ಬಿಟ್ಟು, ಆಮೇಲೆ ಹುಷಾರಾಗಿ ಸುಡ್ತಾರೆ. ಸುಟ್ಟ ಪಟ್ಟೆಯಲ್ಲಿ ಉರಿಯೋಕೆ ಏನೂ ಉಳಿದಿರಲ್ಲ. ಮಾರ್ಚ್‌ನಲ್ಲಿ ದೊಡ್ಡ ಬೆಂಕಿ ಬಂದ್ರೆ ಅಲ್ಲಿಗೆ ನಿಲ್ಲಲಿ, ಕನಿಷ್ಠ ಅಲ್ಲಿ ನಿಂತು ಜನ ಬೆಂಕಿ ಬಡಿಯೋಕಾದ್ರೂ ಆಗಲಿ ಅಂತ.

ಇಲ್ಲಿ ಸೂಕ್ಷ್ಮ ಏನಪ್ಪಾ ಅಂದ್ರೆ ಸಮಯ. ತುಂಬ ಬೇಗ ಸುಡೋಕೆ ಹೋದ್ರೆ ಸವರಿದ ಹುಲ್ಲು ಇನ್ನೂ ಹಸಿ, ಹೊಗೆ ಬರುತ್ತೆ, ಉರಿಯಲ್ಲ. ತಡ ಮಾಡಿದ್ರೆ ಪಕ್ಕದ ಕಾಡೂ ಒಣಗಿರುತ್ತೆ, ನಾವು ಹಚ್ಚಿದ ಬೆಂಕಿಯೇ ಒಳಗೆ ನುಗ್ಗುತ್ತೆ. ರೇಖೆ ಮಾತ್ರ ಉರಿಯಬೇಕು, ಪಕ್ಕದ ಕಾಡು ಇನ್ನೂ ಸ್ವಲ್ಪ ಹಸಿರಾಗಿರಬೇಕು, ಬೆಳಿಗ್ಗೆ ಇಬ್ಬನಿ ಇರಬೇಕು, ಗಾಳಿ ಇರಬಾರದು. ಇವೆಲ್ಲ ಕೂಡಿ ಬರೋದು ವರ್ಷದಲ್ಲಿ ಕೆಲವೇ ವಾರ, ಆ ವಾರಗಳಲ್ಲೂ ದಿನಕ್ಕೆ ಕೆಲವೇ ಗಂಟೆ.

ಇಲ್ಲಿ ಕೂತಿರೋ ಎಲ್ಲರಿಗೂ ಇದು ಗೊತ್ತಿರೋ ವಿಷಯವೇ. ಪ್ರೊಡಕ್ಷನ್ ಸರ್ವರ್‌ಗೆ ಕೈ ಹಾಕೋಕೆ ನಮಗೆ ಭಾನುವಾರ ಬೆಳಗಿನ ಜಾವ ಎರಡು ಗಂಟೆ ಕೊಡ್ತಾರಲ್ಲ, ಹಾಗೆ. ಕಾಡಿಗೂ ಒಂದು ಮೇಂಟೆನೆನ್ಸ್ ವಿಂಡೋ ಇದೆ. ಹವಾಮಾನ ಬದಲಾವಣೆ ಆ ವಿಂಡೋವನ್ನ ಕಿರಿದು ಮಾಡ್ತಿದೆ. ಆ ಕಿರಿದಾದ ಹೊತ್ತಲ್ಲಿ ಕೆಲಸ ಮಾಡಬಲ್ಲ ಜನರನ್ನ ನಾವು ದೂರ ಇಟ್ಟಿದ್ದೀವಿ. ನನ್ನ ಮಾತಿನ ಸಾರ ಇಷ್ಟೇ. ಇನ್ನು ವಿವರ.

ಎರಡೂ ಕಡೆಯಿಂದ ಮುಚ್ಚುವ ಬಾಗಿಲು

ಮೊದಲು ಬಿಸಿಲಿನ ಕಡೆ ನೋಡೋಣ. ಕೇಂದ್ರದ ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಒಂದು ಹವಾಮಾನ ವರದಿ ತಂದಿತು. ಅದರ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಅಷ್ಟೇನಾ ಅನ್ಸುತ್ತೆ. ಆದ್ರೆ ಗಾಳಿ 1 ಡಿಗ್ರಿ ಬಿಸಿಯಾದ್ರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡ್ಕೊಳ್ಳಬಲ್ಲದು. ಮಳೆಗಾಲದಲ್ಲಿ ಇದರಿಂದ ಜಡಿಮಳೆ. ಬೇಸಿಗೆಯಲ್ಲಿ ಗಾಳಿಗೆ ಹಿಡಿಯೋಕೆ ನೀರು ಸಿಗಲ್ಲವಲ್ಲ, ಅದು ಎಲೆಯಿಂದ, ಹುಲ್ಲಿನಿಂದ, ಮಣ್ಣಿನಿಂದ ಹೀರುತ್ತೆ. ಗಾಳಿಯ ಬಾಯಾರಿಕೆ ಹೆಚ್ಚು ಅಂತ ಇಟ್ಕೊಳ್ಳಿ. ಕಾಡು ಬೇಗ ಒಣಗುತ್ತೆ, ವಿಂಡೋ ಬೇಗ ಮುಚ್ಚುತ್ತೆ.

ಇನ್ನೊಂದು ಕಡೆ ಅಕಾಲದ ಮಳೆ. 2021ರ ನವೆಂಬರ್ ನೆನಪಿದೆಯಾ? ಕಟಾವಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಒಡೀತು, ಕೊಡಗು, ಚಿಕ್ಕಮಗಳೂರಲ್ಲಿ ಕಾಫಿ ಒಣಗಿಸೋಕೆ ಆಗಲಿಲ್ಲ. ಇಲ್ಲಿ ನಾವು ಟೊಮೆಟೊ ರೇಟು ನೋಡಿ ಬೈಕೊಂಡ್ವಿ. ಅಂಥ ಮಳೆ ಬಂದ ವರ್ಷ ಕಾಡಲ್ಲಿ ಹುಲ್ಲು ಸವರೋ ಕೆಲಸವೂ ಹಿಂದೆ ಬೀಳುತ್ತೆ, ಸವರಿದ್ದೂ ಒಣಗಲ್ಲ. ಅಂದ್ರೆ ಬಾಗಿಲು ತೆರೆಯೋದು ತಡ, ಮುಚ್ಚೋದು ಬೇಗ.

‘ಮಳೆ ಚೆನ್ನಾಗಿ ಬಂದ್ರೆ ಬೆಂಕಿ ಕಮ್ಮಿ ಅಲ್ವಾ?’ ಅಂತ ಎಲ್ಲರೂ ಕೇಳ್ತಾರೆ. ಅಲ್ಲ. ಮಳೆ ಚೆನ್ನಾಗಿ ಬಂದ್ರೆ ಹುಲ್ಲು ಜಾಸ್ತಿ, ಹುಲ್ಲು ಒಣಗಿದ್ರೆ ಉರುವಲು ಜಾಸ್ತಿ. ಒದ್ದೆ ವರ್ಷದ ಬೆನ್ನಿಗೇ ಒಣ ತಿಂಗಳು ಬಂದ್ರೆ ಅದೇ ಎಲ್ಲಕ್ಕಿಂತ ಅಪಾಯ.

2018–19ರಲ್ಲಿ ಆಗಿದ್ದು ಇದೇ. 2018ರ ಮುಂಗಾರು ಜೋರಾಗಿತ್ತು. ಕೊಡಗಿನಲ್ಲಿ ಗುಡ್ಡ ಕುಸಿದ ವರ್ಷ ಅದು, ಕಬಿನಿ, ಕೆಆರ್‌ಎಸ್ ಬೇಗನೇ ತುಂಬಿದ್ದವು. ಆಮೇಲೆ ಹಿಂಗಾರು ಕೈಕೊಟ್ಟಿತು. 2019ರ ಫೆಬ್ರವರಿ ಮೂರನೇ ವಾರ ಬಂಡೀಪುರದಲ್ಲಿ ಬೆಂಕಿ ಎದ್ದಿತು. ಗಾಳಿ ಸೇರಿಕೊಂಡು ಗೋಪಾಲಸ್ವಾಮಿ ಬೆಟ್ಟದ ಸುತ್ತ ಐದು ದಿನ ಉರಿಯಿತು. ಕೊನೆಗೆ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಕೆಟ್‌ನಲ್ಲಿ ನೀರು ತಂದು ಸುರಿದವು. ಉಪಗ್ರಹ ಚಿತ್ರ ನೋಡಿ ಲೆಕ್ಕ ಹಾಕಿದಾಗ ಹತ್ತು ಸಾವಿರ ಎಕರೆಗೂ ಹೆಚ್ಚು ಸುಟ್ಟಿತ್ತು.

ಒಂದು ಎಚ್ಚರಿಕೆ ಮಾತು. ಈ ಬೆಂಕಿ ಹವಾಮಾನ ಬದಲಾವಣೆಯೇ ಹಚ್ಚಿದ್ದು ಅಂತ ನಾನು ಹೇಳ್ತಿಲ್ಲ. ನಮ್ಮ ಕಾಡುಗಳಲ್ಲಿ ಬೆಂಕಿ ಹೆಚ್ಚು ಕಮ್ಮಿ ಎಲ್ಲವೂ ಮನುಷ್ಯ ಹಚ್ಚಿದ್ದೇ. ಬೀಡಿ ತುಂಡು, ದನ ಮೇಯಿಸೋರು ಹೊಸ ಹುಲ್ಲಿಗೆ ಹಚ್ಚಿದ್ದು, ಸಿಟ್ಟಿಗೆ ಹಚ್ಚಿದ್ದು, ಹೀಗೆ. ಕಿಡಿ ಯಾವಾಗಲೂ ಇತ್ತು. ಆ ಕಿಡಿ ಬಿದ್ದ ಕಾಡು ಎಷ್ಟು ಒಣಗಿರುತ್ತೆ, ಅಲ್ಲಿ ಎಷ್ಟು ಉರುವಲು ಇರುತ್ತೆ, ಅದನ್ನ ತಡೆಯೋ ಕೆಲಸಕ್ಕೆ ಎಷ್ಟು ದಿನ ಸಿಕ್ಕಿರುತ್ತೆ ಅನ್ನೋದು ಬದಲಾಗ್ತಿದೆ.

ತರಗು ಬೆಂಕಿ

ಈಗ ಜನರ ವಿಷಯಕ್ಕೆ ಬರೋಣ. ಬಿಳಿಗಿರಿರಂಗನ ಬೆಟ್ಟ ಸೋಲಿಗರ ನಾಡು. ಅವರ ಹಾಡಿಗಳಿಗೆ ಪೋಡು ಅಂತಾರೆ. ಸೋಲಿಗರು ಹಿಂದೆ ಚಳಿಗಾಲ ಮುಗಿಯೋ ಹೊತ್ತಿಗೆ, ಕಾಡು ಪೂರ್ತಿ ಒಣಗೋ ಮುಂಚೆ, ಅಲ್ಲಲ್ಲಿ ನೆಲದ ತರಗಿಗೆ ಸಣ್ಣ ಬೆಂಕಿ ಹಾಕ್ತಿದ್ರು. ಅದರ ಹೆಸರೇ ತರಗು ಬೆಂಕಿ. ಅದು ನೆಲದಲ್ಲಿ ಹರಿದು, ಎಲೆ, ಕಡ್ಡಿ ಸುಟ್ಟು, ತಾನಾಗೇ ಆರುತ್ತಿತ್ತು. ದೊಡ್ಡ ಮರಕ್ಕೆ ಏನೂ ಆಗ್ತಿರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯ ಆಯಿತು. ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು, ತರಗು ಬೆಂಕಿಯೂ ನಿಂತಿತು. ಬೇಟೆ ನಿಲ್ಲಿಸಿದ್ದು ಸರಿಯಾ ತಪ್ಪಾ ಅನ್ನೋ ಚರ್ಚೆಗೆ ಇವತ್ತು ಹೋಗಲ್ಲ. ಬೆಂಕಿ ನಿಂತ ಮೇಲೆ ಏನಾಯ್ತು ಅನ್ನೋದು ಮುಖ್ಯ.

ಲಾಂಟಾನ ಗೊತ್ತಲ್ಲ? ಹಳದಿ, ಕೆಂಪು, ಗುಲಾಬಿ ಬಣ್ಣದ ಪುಟ್ಟ ಹೂವಿನ ಗೊಂಚಲು. ಬೇಲಿ ಪಕ್ಕ ಅದರ ಕಪ್ಪು ಹಣ್ಣನ್ನ ಚಿಕ್ಕವರಿದ್ದಾಗ ಕಿತ್ತು ತಿಂದಿರ್ತೀರಿ. ಅಮೆರಿಕ ಖಂಡದ ಗಿಡ, ಸುಮಾರು ಇನ್ನೂರು ವರ್ಷದ ಹಿಂದೆ ಬ್ರಿಟಿಷರು ತೋಟದ ಅಂದಕ್ಕೆ ಅಂತ ತಂದದ್ದು. ಈಗ ದೇಶದ ಹುಲಿ ಕಾಡುಗಳಲ್ಲಿ ಸುಮಾರು ಶೇ. 40ರಷ್ಟು ಜಾಗಕ್ಕೆ ಹಬ್ಬಿದೆ ಅಂತ ಅಧ್ಯಯನ ಹೇಳುತ್ತೆ. ಬಿಳಿಗಿರಿರಂಗನ ಬೆಟ್ಟದಲ್ಲೇ ಸಂಶೋಧಕರು ನೂರಕ್ಕೂ ಹೆಚ್ಚು ಜಾಗ ಗುರುತು ಮಾಡಿ ಎರಡು ಸಲ ಎಣಿಸಿದ್ರು. 1997ರಲ್ಲಿ ಸುಮಾರು ಶೇ. 40ರಷ್ಟು ಜಾಗಗಳಲ್ಲಿ ಲಾಂಟಾನ ಇತ್ತು. 2008ರಲ್ಲಿ ಅದೇ ಜಾಗಗಳಿಗೆ ಹೋದ್ರೆ ಸುಮಾರು ಶೇ. 80ರಲ್ಲಿ ಇತ್ತು. ಹನ್ನೊಂದೇ ವರ್ಷ.

ಲಾಂಟಾನ ಪೊದೆ ನೆಲದಿಂದ ಮರದ ಕೊಂಬೆ ತನಕ ಏಣಿ ಹಾಕಿದ ಹಾಗೆ ಬೆಳೆಯುತ್ತೆ. ನೆಲದ ಬೆಂಕಿ ಆ ಏಣಿ ಹತ್ತಿ ತಲೆಗೆ ಹೋಗುತ್ತೆ. ಬೇಸಿಗೆಯಲ್ಲಿ ಫೈರ್ ವಾಚರ್ ಕೆಲಸಕ್ಕೆ ಹೋಗ್ತಿದ್ದ ಒಬ್ಬ ಸೋಲಿಗ ಹಿರಿಯರು ನಮ್ಮೂರ ಸಂತೆಗೆ ಬರ್ತಾರೆ. ನಾನು ಓದಿದ್ದನ್ನೆಲ್ಲ ಅವರ ಮುಂದೆ ಹೇಳಿದಾಗ ಅವರು ನಕ್ಕು ಹೇಳಿದ್ದು ಇಷ್ಟು: ‘ಬೆಂಕಿ ಮೊದ್ಲೂ ಬೀಳ್ತಿತ್ತು ಕನಪ್ಪ. ಆಗ ಮೊಣಕಾಲುದ್ದ ಉರೀತಿತ್ತು. ಈಗ ಮರದ ತಲೆ ಮ್ಯಾಲೆ ಉರೀತದೆ. ಮೊಣಕಾಲ್ ಬೆಂಕೀನ ಸೊಪ್ಪಲ್ಲಿ ಬಡೀಬೋದು, ತಲೆ ಮ್ಯಾಲಿಂದ ಏನ್ ಮಾಡೀಯೆ?’

ನನ್ನ ಸ್ಲೈಡ್‌ನಲ್ಲಿರೋ ನಾಲ್ಕು ಗ್ರಾಫ್‌ಗಿಂತ ಈ ಮಾತು ಹೆಚ್ಚು ಹೇಳುತ್ತೆ. ‘ಹಂಗಾದ್ರೆ ಏನ್ ಮಾಡ್ಬೇಕು ತಾತ?’ ಅಂದೆ. ‘ಮೊದ್ಲು ಆ ಗಿಡ ಕೀಳ್ಬೇಕು. ಆಮೇಲೆ ನಮ್ಮನ್ನ ಕೇಳ್ಬೇಕು’ ಅಂದ್ರು.

ಇದರ ಪೆಟ್ಟು ಹೊಟ್ಟೆಪಾಡಿಗೂ ಬೀಳುತ್ತೆ. ಪೋಡಿನ ಮನೆಗಳಿಗೆ ಕೈಗೆ ಕಾಸು ಬರೋದು ನೆಲ್ಲಿಕಾಯಿ, ಹೆಜ್ಜೇನು, ಸೀಗೆ, ಅಂಟುವಾಳ, ಕಲ್ಲುಪಾಚಿ ಮಾರಿ, ಕಾಫಿ ತೋಟದಲ್ಲಿ ಕೂಲಿ ಮಾಡಿ. ನೆಲ್ಲಿ ಮರಕ್ಕೆ ಬದನಿಕೆ ಹತ್ತಿಕೊಂಡು ಮರ ಸೊರಗುತ್ತೆ. ಸೋಲಿಗರು ಅದಕ್ಕೆ ಉಪ್ಪಿಲು ಅಂತಾರೆ. ತರಗು ಬೆಂಕಿ ನಿಂತ ಮೇಲೆ ಉಪ್ಪಿಲು ಜಾಸ್ತಿ ಆಯ್ತು ಅನ್ನೋದು ಅವರ ಲೆಕ್ಕ. ಲಾಂಟಾನದ ದೊಡ್ಡ ಬೆಂಕಿ ಬಂದ್ರೆ ನೆಲ್ಲಿ ಮರವೇ ಸುಡುತ್ತೆ. ಮಳೆ ಹೆಚ್ಚು ಕಮ್ಮಿಯಾದ್ರೆ ಹೂ ಏರುಪೇರು, ಹೂ ಏರುಪೇರಾದ್ರೆ ಜೇನು ಏರುಪೇರು. ಸಂಬಳ ಒಂದು ತಿಂಗಳು ತಡ ಆದ್ರೆ ನಮ್ಮ ಇಎಂಐ ಕಥೆ ಏನಾಗುತ್ತೆ ಅಂತ ಯೋಚಿಸಿ. ಅವರಿಗೆ ಒಂದು ಸೀಸನ್ನೇ ಹೋಗುತ್ತೆ.

ಉಪಗ್ರಹ ಎಲ್ಲಿಗೆ ನಿಲ್ಲುತ್ತೆ

‘ಇಷ್ಟೆಲ್ಲ ಟೆಕ್ನಾಲಜಿ ಇದೆಯಲ್ಲ, ಅದು ಸಾಲ್ವ್ ಮಾಡಲ್ವಾ?’ ಅಂತ ನಮ್ಮ ಟೀಮ್‌ನಲ್ಲೇ ಕೇಳ್ತಾರೆ. ನನ್ನ ಓದಿನ ವಿಷಯವೇ ಆದ್ದರಿಂದ ಇದಕ್ಕೆ ಸರಿಯಾಗಿ ಉತ್ತರ ಕೊಡ್ತೀನಿ.

ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹದ ಮಾಹಿತಿ ಹಿಡಿದು ಕಾಡ್ಗಿಚ್ಚಿನ ಅಲರ್ಟ್ ಕಳಿಸ್ತಿದೆ. ಮೊದಲು ಮೋಡಿಸ್ ಸೆನ್ಸರ್, ಅದರ ಒಂದು ಪಿಕ್ಸೆಲ್ ಅಂದ್ರೆ ನೆಲದ ಮೇಲೆ 1 ಕಿಲೋಮೀಟರ್ ಚೌಕ. ಆಮೇಲೆ ವಿಯರ್ಸ್ ಸೆನ್ಸರ್ ಬಂತು, 375 ಮೀಟರ್. ತುಂಬ ಒಳ್ಳೆ ಕೆಲಸ. ಬೀಟ್ ಮಟ್ಟದ ಸಿಬ್ಬಂದಿಯ ಮೊಬೈಲಿಗೇ ಎಸ್ಸೆಮ್ಮೆಸ್ ಹೋಗುತ್ತೆ.

ಆದ್ರೆ ಲೇಟೆನ್ಸಿ ನೋಡಿ. ವಿಯರ್ಸ್ ಹೊತ್ತ ಉಪಗ್ರಹ ಒಂದು ಜಾಗದ ಮೇಲೆ ಹಾದುಹೋಗೋದು ಮಧ್ಯಾಹ್ನ ಒಂದೂವರೆ ಸುಮಾರಿಗೆ ಒಂದು ಸಲ, ರಾತ್ರಿ ಒಂದೂವರೆ ಸುಮಾರಿಗೆ ಇನ್ನೊಂದು ಸಲ. ಮಧ್ಯಾಹ್ನ ಮೂರಕ್ಕೆ ಹತ್ತಿದ ಬೆಂಕಿ ಅದರ ಕಣ್ಣಿಗೆ ಬೀಳೋದು ನಡುರಾತ್ರಿ. ಮರದ ಕೆಳಗೆ ಸಣ್ಣಗೆ ಹರಿಯೋ ಬೆಂಕಿ ಕಾಣದೆಯೂ ಹೋಗಬಹುದು. ಅಲರ್ಟ್ ಬಂದ ಮೇಲೂ ಒಬ್ಬ ಮನುಷ್ಯ ನಡೆದು ಆ ಜಾಗಕ್ಕೆ ಹೋಗಬೇಕು, ಹಸಿ ಸೊಪ್ಪಿನ ಕೊಂಬೆ ಮುರಿದು ಬಡೀಬೇಕು.

ಆ ಮನುಷ್ಯನೇ ಫೈರ್ ವಾಚರ್. ಬಹುಪಾಲು ಸುತ್ತಲ ಹಾಡಿ, ಹಳ್ಳಿಯವರು. ಬೇಸಿಗೆ ತಿಂಗಳುಗಳಿಗೆ ಮಾತ್ರ ಕೆಲಸ, ಮಳೆ ಬಿದ್ರೆ ಕೆಲಸ ಮುಗೀತು. ಬೆಂಕಿ ಸೀಸನ್‌ನಲ್ಲಿ ಇವರ ಮತ್ತು ಕಾಯಂ ಸಿಬ್ಬಂದಿಯ ಮೇಲೆ ಇನ್ನೂ ಏನೇನು ಬೀಳುತ್ತೆ ಅಂದ್ರೆ, ಆನೆ ಹೊಲಕ್ಕೆ ನುಗ್ಗಿದ್ರೆ ಓಡಿಸಬೇಕು, ಕೆರೆ ಬತ್ತಿದ್ರೆ ನೀರು ತುಂಬಿಸಬೇಕು. 2023ರ ಆಗಸ್ಟ್ ನಮ್ಮ ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನ ಬರಪೀಡಿತ ಅಂತ ಘೋಷಿಸಿದ್ರು. ಅಂಥ ವರ್ಷದಲ್ಲಿ ಬೆಂಕಿ, ನೀರು, ಆನೆ ಮೂರೂ ಒಟ್ಟಿಗೆ ಬರುತ್ತೆ. ಜನ ಮಾತ್ರ ಅಷ್ಟೇ.

ಈ ಕೆಲಸದಲ್ಲಿ ಜೀವ ಹೋಗುತ್ತೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿಯಲ್ಲಿ ಒಬ್ಬ ಅರಣ್ಯ ರಕ್ಷಕರು ತೀರಿಕೊಂಡ್ರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಬೆಂಕಿ ಆರಿಸೋಕೆ ಹೋದ ಇನ್ನೊಬ್ಬರು ಸುಟ್ಟ ಗಾಯಗಳಿಂದ ತೀರಿಕೊಂಡ್ರು. ಹೆಲಿಕಾಪ್ಟರ್ ಬಂದದ್ದು ನಮಗೆಲ್ಲ ಗೊತ್ತು. ಇವರ ಸಾವು ಎಷ್ಟು ಜನಕ್ಕೆ ಗೊತ್ತು?

ಹಳೇದಕ್ಕೆ ವಾಪಸ್ ಹೋದ್ರೆ ಸಾಕಾ?

ಹಾಗಾದ್ರೆ ಸೋಲಿಗರಿಗೆ ಬೆಂಕಿಪೊಟ್ಟಣ ಕೊಟ್ಟುಬಿಡಿ ಅಂತ ಹೇಳೋದು ಸುಲಭ. ಅದು ಅಷ್ಟು ಸರಳ ಅಲ್ಲ. ಎಲೆ ಉದುರಿಸುವ ಕಾಡಿಗೆ ಒಗ್ಗುವ ಸಣ್ಣ ಬೆಂಕಿ ಮಲೆನಾಡಿನ ನಿತ್ಯಹಸಿರು ಕಾಡಿಗೆ, ಶೋಲಾಕ್ಕೆ ಒಗ್ಗಲ್ಲ. ಲಾಂಟಾನ ತುಂಬಿದ ಜಾಗದಲ್ಲಿ ತರಗು ಬೆಂಕಿ ಹಾಕಿದ್ರೂ ಅದು ತರಗು ಬೆಂಕಿಯಾಗಿ ಉಳಿಯಲ್ಲ. ಆ ಹಿರಿಯರು ಹೇಳಿದ ಕ್ರಮವೇ ಸರಿ. ಮೊದಲು ಗಿಡ ಕೀಳಬೇಕು.

ಗಿಡ ಕೀಳೋದು ವರ್ಷಗಟ್ಟಲೆ ಕೆಲಸ. ಬುಡ ಬಿಟ್ಟು ಕತ್ತರಿಸಿದ್ರೆ ಮತ್ತೆ ಚಿಗುರುತ್ತೆ, ಮಣ್ಣಿನ ಕೆಳಗೆ ಬೇರಿನ ಹತ್ತಿರ ಕಡಿದು ತಲೆಕೆಳಗಾಗಿ ಒಣಗಿಸಬೇಕು. ಹಕ್ಕಿಗಳು ಬೀಜ ತರ್ತಾನೇ ಇರ್ತವೆ, ಮರುವರ್ಷ ಮತ್ತೆ ಹೋಗಬೇಕು. ಆದ್ರೆ ಅದೇ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡ್ತಾರೆ. ನೀಲಗಿರಿ ಸುತ್ತಲ ಬೆಟ್ಟ ಕುರುಬ, ಪಣಿಯ, ಕಾಟ್ಟುನಾಯಕ, ಸೋಲಿಗ ಕುಶಲಕರ್ಮಿಗಳು ಲಾಂಟಾನದಿಂದ ನಿಜ ಗಾತ್ರದ ಆನೆಗಳನ್ನೇ ಮಾಡಿದ್ರು. ಅವು ಲಂಡನ್, ನ್ಯೂಯಾರ್ಕ್‌ಗೂ ಹೋಗಿದ್ದವು, ಲಾಲ್‌ಬಾಗ್‌ನಲ್ಲೂ ನಿಂತಿದ್ದವು. ನಿಮ್ಮಲ್ಲಿ ಕೆಲವರು ಸೆಲ್ಫಿ ತಗೊಂಡಿರ್ತೀರಿ.

ಹಕ್ಕಿನ ದಾರಿಯೂ ತೆರೆದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಅವರು ಮೊದಲಿಗರು. ಕಾಯ್ದೆ ಕಾಡಿನ ಉತ್ಪನ್ನ ತರೋ ಹಕ್ಕನ್ನಷ್ಟೇ ಅಲ್ಲ, ಕಾಡನ್ನ ಕಾಪಾಡೋ, ನಿರ್ವಹಿಸೋ ಹಕ್ಕನ್ನೂ ಹೇಳುತ್ತೆ. ಅಂದ್ರೆ ಯಾವ ವಾರ ಸವರಬೇಕು, ಯಾವ ಬೆಳಿಗ್ಗೆ ಸುಡಬಹುದು ಅನ್ನೋ ಮಾತುಕತೆಯಲ್ಲಿ ಅವರಿಗೆ ಕುರ್ಚಿ ಇರಬೇಕು. ವಿಂಡೋ ಕಿರಿದಾದಷ್ಟೂ ಆ ನೆಲದ ಇಬ್ಬನಿ ಗೊತ್ತಿರೋರ ಬೆಲೆ ಹೆಚ್ಚು. ಆ ತಿಳಿವಳಿಕೆ ಇರೋ ತಲೆಮಾರಿಗೆ ಈಗ ವಯಸ್ಸಾಗಿದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡಾಕ್ಯುಮೆಂಟೇಷನ್ ಇಲ್ಲ, ಕೆಟಿ ಆಗಿಲ್ಲ, ಸೀನಿಯರ್‌ಗಳು ರಿಟೈರ್ ಆಗ್ತಿದ್ದಾರೆ.

ದೂರದಲ್ಲಿರೋ ನಾವು

ಪುಣೆಯಲ್ಲಿ, ಹೈದರಾಬಾದ್‌ನಲ್ಲಿ ಕೂತು ನಾವೇನು ಮಾಡೋಕಾಗುತ್ತೆ? ದೊಡ್ಡ ಮಾತು ಬೇಡ, ನಾಲ್ಕು ಸಣ್ಣ ವಿಷಯ ಹೇಳ್ತೀನಿ.

ಒಂದು, ಫೆಬ್ರವರಿಯಿಂದ ಏಪ್ರಿಲ್ ತನಕ ಒಣ ಹುಲ್ಲಿನ ಬೆಟ್ಟಕ್ಕೆ ಟ್ರೆಕ್ ಬೇಡ. ಚೆನ್ನೈಯವರಿಗೆ 2018ರ ಮಾರ್ಚ್ 11ರ ಕುರಂಗಣಿ ನೆನಪಿರುತ್ತೆ. ತೇಣಿ ಜಿಲ್ಲೆಯ ಆ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಅವರಲ್ಲಿ ನಮ್ಮ ಹಾಗೇ ಐಟಿಯವರಿದ್ರು, ವೀಕೆಂಡ್‌ಗೆ ಅಂತ ಹೋದವರು.

ಎರಡು, ನಾಸಾದ ಫರ್ಮ್ಸ್ ಅನ್ನೋ ಸೈಟ್‌ನಲ್ಲಿ ನಿಮ್ಮೂರ ಕಾಡಿನ ಜಾಗ ಗುರುತು ಮಾಡಿ ಪುಕ್ಕಟೆ ಇಮೇಲ್ ಅಲರ್ಟ್ ಹಾಕ್ಕೊಳ್ಳಿ. ಮೂರು ಬೇಸಿಗೆ ನೋಡಿದ್ರೆ ನಿಮ್ಮೂರಲ್ಲಿ ಎಲ್ಲಿ, ಯಾವಾಗ ಉರಿಯುತ್ತೆ ಅಂತ ನಿಮಗೇ ಗೊತ್ತಾಗುತ್ತೆ. ಊರಿನ ಗ್ರಾಮಸಭೆಯಲ್ಲಿ ಮಾತಾಡೋಕೆ ಅದು ಒಳ್ಳೆ ಆಧಾರ.

ಮೂರು, ಬೆಂಕಿ ಬಿದ್ದ ದಿನ ವಾಟ್ಸಾಪ್‌ನಲ್ಲಿ ‘ಕಾಡಿನ ಜನರೇ ಹಚ್ಚಿದ್ದು’ ಅಂತ ಬರೋದನ್ನ ಫಾರ್ವರ್ಡ್ ಮಾಡೋ ಮುಂಚೆ, ಅದನ್ನ ಆರಿಸೋಕೆ ಹೋದವರೂ ಯಾರು ಅಂತ ಒಂದು ಸಲ ಕೇಳಿ. ಸಫಾರಿಗೆ ಹೋದಾಗ ಹುಲಿ ಕಂಡಿತಾ ಅನ್ನೋದರ ಜೊತೆ, ಈ ವರ್ಷ ಫೈರ್ ಲೈನ್ ಮುಗೀತಾ, ವಾಚರ್‌ಗಳು ಎಷ್ಟು ಜನ ಇದ್ದಾರೆ ಅಂತಲೂ ಕೇಳಿ. ಪ್ರವಾಸಿಗರು ಕೇಳ್ತಾರೆ ಅಂದ್ರೆ ಅದಕ್ಕೂ ಬೆಲೆ ಬರುತ್ತೆ.

ನಾಲ್ಕನೇದು ಸಣ್ಣದು. ಜನವರಿಯಲ್ಲಿ ನೀವು ಗುಂಡ್ಲುಪೇಟೆಯಿಂದ ಊಟಿ ಕಡೆ ಕಾರಲ್ಲಿ ಹೋಗ್ತಿರ್ತೀರಿ. ಬೆಳಿಗ್ಗೆ ಹೊತ್ತು ರಸ್ತೆ ಬದಿ ಖಾಕಿ ಹಾಕಿದವರು, ಜೊತೆಗೆ ನಾಲ್ಕೈದು ಜನ, ಕೈಯಲ್ಲಿ ಸೊಪ್ಪಿನ ಕೊಂಬೆ ಹಿಡ್ಕೊಂಡು ಹುಲ್ಲು ಸುಡ್ತಾ ಇರ್ತಾರೆ. ‘ಕಾಡಿಗೆ ಇಲಾಖೆಯವರೇ ಬೆಂಕಿ ಹಾಕ್ತಿದ್ದಾರೆ ನೋಡಿ’ ಅಂತ ವಿಡಿಯೋ ಮಾಡಬೇಡಿ. ಅವರಿಗೆ ಆ ವರ್ಷಕ್ಕೆ ಸಿಕ್ಕಿರೋ ಕೆಲವೇ ಗಂಟೆ ಅದು. ಗಾಜು ಏರಿಸಿ, ನಿಧಾನಕ್ಕೆ ದಾಟಿ, ಅವರಿಗೆ ಜಾಗ ಬಿಡಿ.

ಪ್ರಶ್ನೆ ಇದ್ರೆ ಕೇಳಿ. ಬೆಟ್ಟದ ಕಡೆಯವರು ಯಾರಾದ್ರೂ ಇದ್ರೆ, ನಿಮ್ಮೂರ ಬೆಂಕಿ ಕಥೆ ನೀವೇ ಹೇಳಿ, ನಾನು ಕೇಳ್ತೀನಿ.